ಸುಳ್ಳು ಹೆಸರಿನಲ್ಲಿ ಆದ ಮದುವೆ ಊರ್ಜಿತವೇ? ಗೊತ್ತಾದ ದಿನದಿಂದ ಏನೇನು ಮಾಡಬೇಕು

ಕಟ್ಟಿಕೊಂಡವನ ಹೆಸರು, ಊರು, ಜಾತಿ, ಕೆಲಸ ಎಲ್ಲ ಸುಳ್ಳು ಎಂದು ಗೊತ್ತಾದ ಕೂಡಲೇ ಮನೆಯವರು ಹೇಳುವ ಮೊದಲ ಮಾತು, ‘ಹೆಸರೇ ಸುಳ್ಳು ಅಂದಮೇಲೆ ಮದುವೆಯೂ ಆಗಿಲ್ಲ ಅಂತಲೇ ಲೆಕ್ಕ, ಬಿಟ್ಟು ಬಾ’ ಎಂದು. ಕಾನೂನು ಅಷ್ಟು ಸರಳವಾಗಿಲ್ಲ. ಮದುವೆ ನಡೆಯುವುದು ಎದುರಿಗೆ ಕೂತ ವ್ಯಕ್ತಿಯ ಜೊತೆ. ಲಗ್ನಪತ್ರಿಕೆಯಲ್ಲಿ ಅಚ್ಚಾದ ಹೆಸರಿನ ಜೊತೆ ಅಲ್ಲ. ಹೆಸರು ಸುಳ್ಳಾಗಿತ್ತು ಎಂಬ ಒಂದೇ ಕಾರಣಕ್ಕೆ ಮದುವೆ ತಾನಾಗಿಯೇ ಬಿದ್ದುಹೋಗುವುದಿಲ್ಲ. ಬಹುಪಾಲು ಪ್ರಕರಣಗಳಲ್ಲಿ ಕೋರ್ಟು ರದ್ದು ಮಾಡುವವರೆಗೂ ಅದು ಸಿಂಧುವಾದ ಮದುವೆಯೇ. ರದ್ದು ಮಾಡಿಸಲು ಕಾನೂನು ಕೊಟ್ಟಿರುವ ಕಾಲ ಮೋಸ ಗೊತ್ತಾದ ದಿನದಿಂದ ಒಂದು ವರ್ಷ. ಈ ಒಂದು ವರ್ಷವನ್ನು ಹಿರಿಯರ ಪಂಚಾಯಿತಿಯಲ್ಲೇ ಕಳೆದು, ಆಮೇಲೆ ವಕೀಲರ ಬಳಿ ಬರುವವರೇ ಹೆಚ್ಚು. ಸಾಕ್ಷ್ಯವಿಲ್ಲದೆ ಸೋಲುವ ಕೇಸಿಗಿಂತ ಅವಧಿ ಮೀರಿ ಸೋಲುವ ಕೇಸು ಮನಸ್ಸಿಗೆ ಹೆಚ್ಚು ನೋವು ಕೊಡುತ್ತದೆ. ಅದು ತಪ್ಪಿಸಬಹುದಾಗಿದ್ದ ಸೋಲು.

ಮೊದಲು ನೋಡಬೇಕಾದ್ದು: ಸುಳ್ಳು ಯಾವುದರ ಬಗ್ಗೆ, ಮದುವೆ ಯಾವ ಕಾಯ್ದೆಯಡಿ

ಹಿಂದೂ ವಿವಾಹ ಕಾಯ್ದೆ, 1955 ಎರಡು ಬಗೆಯ ದೋಷವನ್ನು ಹೇಳುತ್ತದೆ. ಒಂದು, ಮೊದಲ ದಿನದಿಂದಲೇ ಶೂನ್ಯವಾದ, ಅಂದರೆ ಕಾನೂನಿನ ಕಣ್ಣಲ್ಲಿ ಆಗಿಯೇ ಇಲ್ಲದ ಮದುವೆ, ಸೆಕ್ಷನ್ 11. ಇನ್ನೊಂದು, ಮೋಸಹೋದವರು ಕೇಳಿದರೆ ಮಾತ್ರ ಕೋರ್ಟು ರದ್ದು ಮಾಡುವ ಮದುವೆ, ಸೆಕ್ಷನ್ 12. ಸುಳ್ಳು ಗುರುತಿನ ಮದುವೆ ಯಾವ ಬಗೆಗೆ ಸೇರುತ್ತದೆ ಎಂಬುದು ಮುಚ್ಚಿಟ್ಟ ವಿಷಯದ ಮೇಲೆ ನಿಂತಿದೆ.

ಮುಚ್ಚಿಟ್ಟದ್ದು ಜೀವಂತ ಇರುವ ಹೆಂಡತಿಯನ್ನೋ ಗಂಡನನ್ನೋ ಆಗಿದ್ದರೆ, ಮತ್ತು ಆ ಮೊದಲ ಮದುವೆಗೆ ವಿಚ್ಛೇದನ ಆಗಿರದಿದ್ದರೆ, ಎರಡನೆಯದು ಶೂನ್ಯ. ಇಲ್ಲಿ ಒಂದು ವರ್ಷದ ಗಡುವಿಲ್ಲ. ಮೊದಲ ಮದುವೆ ವಿಚ್ಛೇದನದಲ್ಲಿ ಮುಗಿದಿದ್ದು, ಅದನ್ನು ಮುಚ್ಚಿಟ್ಟು ‘ಮೊದಲನೇ ಸಂಬಂಧ’ ಎಂದು ಹೇಳಿದ್ದರೆ ಅದು ಶೂನ್ಯವಲ್ಲ, ವಂಚನೆ; ಸೆಕ್ಷನ್ 12ಕ್ಕೆ ಹೋಗುತ್ತದೆ.

ಮುಚ್ಚಿಟ್ಟದ್ದು ಧರ್ಮವಾಗಿದ್ದರೆ ಕಾಯ್ದೆ ನೋಡಬೇಕು. ಹಿಂದೂ ವಿವಾಹ ಕಾಯ್ದೆಯಡಿ ವಧೂವರರಿಬ್ಬರೂ ಹಿಂದೂಗಳಾಗಿರಲೇಬೇಕು. ಬೌದ್ಧ, ಜೈನ, ಸಿಖ್ಖರೂ ಈ ಲೆಕ್ಕದಲ್ಲೇ ಬರುತ್ತಾರೆ. ಆಂಧ್ರಪ್ರದೇಶದ ಗುಳ್ಳಿಪಿಲ್ಲಿ ಸೌರಿರಾಜ್ ಪ್ರಕರಣದಲ್ಲಿ ರೋಮನ್ ಕ್ಯಾಥೊಲಿಕ್ ವರ ತಾನು ಹಿಂದೂ ಎಂದು ಹೇಳಿ 1996ರಲ್ಲಿ ದೇವಸ್ಥಾನದಲ್ಲಿ ತಾಳಿ ಕಟ್ಟಿದ್ದರು ಎಂಬುದು ವಧುವಿನ ದೂರು. ಮದುವೆ ನೋಂದಣಿಯೂ ಆಗಿತ್ತು. ಕೌಟುಂಬಿಕ ನ್ಯಾಯಾಲಯ ಆಕೆಯ ಅರ್ಜಿಯನ್ನು ತಳ್ಳಿಹಾಕಿತು, ಹೈಕೋರ್ಟು ಅದನ್ನು ತಿರುಗಿಸಿ ಆಕೆಯ ಪರ ತೀರ್ಪು ಕೊಟ್ಟಿತು, 2008ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆಯಡಿ ಅಂಥ ಮದುವೆ ಶೂನ್ಯ ಎಂದು ತೀರ್ಪು ಕೊಟ್ಟಿತು. ನೋಂದಣಿ ಪತ್ರ ಅದನ್ನು ಉಳಿಸಲಿಲ್ಲ. ಇದೇ ಸುಳ್ಳನ್ನು ವಿಶೇಷ ವಿವಾಹ ಕಾಯ್ದೆ, 1954ರ ಅಡಿ ಹೇಳಿದ್ದರೆ ಫಲ ಬೇರೆ. ಆ ಕಾಯ್ದೆಗೆ ಧರ್ಮದ ಷರತ್ತಿಲ್ಲ, ಹಾಗಾಗಿ ಮದುವೆ ಶೂನ್ಯವಾಗುವುದಿಲ್ಲ. ಸೆಕ್ಷನ್ 25ರ ಅಡಿ ವಂಚನೆ ಎಂದು ಸಾಬೀತು ಮಾಡಿ ರದ್ದು ಮಾಡಿಸಬೇಕು. ಅಲ್ಲೂ ಒಂದು ವರ್ಷದ ಗಡುವೇ.

ಮುಚ್ಚಿಟ್ಟದ್ದು ವಯಸ್ಸಾಗಿದ್ದು, ಹುಡುಗಿಗೆ 18 ಅಥವಾ ಹುಡುಗನಿಗೆ 21 ತುಂಬಿರದಿದ್ದರೆ, ಕರ್ನಾಟಕದಲ್ಲಿ ಅದಕ್ಕೆ ಬೇರೆಯೇ ಉತ್ತರವಿದೆ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ರಾಜ್ಯ ತಂದ 2016ರ ತಿದ್ದುಪಡಿ ಜಾರಿಯಾದ ಮೇಲೆ ಇಲ್ಲಿ ನಡೆದ ಬಾಲ್ಯವಿವಾಹ ಆರಂಭದಿಂದಲೇ ಶೂನ್ಯ. ಆಧಾರ್‌ನಲ್ಲಿ ಹುಟ್ಟಿದ ವರ್ಷ ತಿದ್ದಿಸಿ ಮಾಡುವ ಮದುವೆಗಳು ಈ ಸಾಲಿಗೆ ಬರುತ್ತವೆ.

ಉಳಿದ ಸುಳ್ಳುಗಳು, ಅಂದರೆ ಹೆಸರು, ತಂದೆತಾಯಿ ಯಾರು, ಜಾತಿ, ಓದು, ಕೆಲಸ, ಸಂಬಳ, ಮೇಲಿರುವ ಕ್ರಿಮಿನಲ್ ಕೇಸು, ಎಲ್ಲವೂ ಸೆಕ್ಷನ್ 12(1)(ಸಿ)ಗೆ ಬರುತ್ತವೆ. 1976ರವರೆಗೆ ಅಲ್ಲಿ ‘ವಂಚನೆ’ ಎಂದಷ್ಟೇ ಇತ್ತು. ಕೋರ್ಟುಗಳು ಅದನ್ನು ತೀರಾ ಬಿಗಿಯಾಗಿ ಓದುತ್ತಿದ್ದವು. ಆ ವರ್ಷದ ತಿದ್ದುಪಡಿ, ಎದುರು ಪಕ್ಷದವರ ಬಗೆಗಿನ ಯಾವುದೇ ಮಹತ್ವದ ಸಂಗತಿ ಅಥವಾ ಸನ್ನಿವೇಶದ ಕುರಿತ ವಂಚನೆಯನ್ನೂ ಸೇರಿಸಿತು. ‘ಮಹತ್ವದ’ ಎಂಬ ಮಾತಿನ ಮೇಲೆಯೇ ಕೇಸು ನಿಲ್ಲುವುದು ಅಥವಾ ಬೀಳುವುದು. ಅಳತೆಗೋಲು ಇದು: ಈ ಸಂಗತಿ ಮೊದಲೇ ಗೊತ್ತಿದ್ದರೆ ನೀವು ಈ ಮದುವೆಗೆ ಒಪ್ಪುತ್ತಿದ್ದಿರಾ? ತಿಂಗಳಿಗೆ 40 ಸಾವಿರ ಸಂಬಳವನ್ನು 50 ಎಂದು ಹೇಳಿದ್ದು ಬಡಾಯಿ ಎನಿಸಿಕೊಂಡು ಹೋಗಬಹುದು. ಇಲ್ಲದ ಕಂಪನಿಯ ಗುರುತಿನ ಚೀಟಿ, ಬಾಡಿಗೆಗೆ ತಂದ ‘ಅಪ್ಪ ಅಮ್ಮ’, ಬೇರೆಯವರ ಹೆಸರಿನ ಆಧಾರ್ ಒಟ್ಟಿಗೆ ಇದ್ದರೆ ಅದು ಬಡಾಯಿಯ ಗೆರೆ ದಾಟಿದೆ. ಆದ್ದರಿಂದ ಒಂದೊಂದೇ ಸುಳ್ಳನ್ನು ಬಿಡಿಯಾಗಿ ಹೇಳಬೇಡಿ. ಎಲ್ಲ ಸೇರಿ ಇನ್ನೊಬ್ಬ ಮನುಷ್ಯನನ್ನೇ ಕಟ್ಟಿ ನಿಮ್ಮ ಮುಂದೆ ನಿಲ್ಲಿಸಿದ್ದರು ಎಂಬುದನ್ನು ತೋರಿಸಿ.

ಒಬ್ಬರನ್ನು ತೋರಿಸಿ ಧಾರೆಗೆ ಇನ್ನೊಬ್ಬರನ್ನು ಕೂರಿಸಿದ್ದರೆ ವಾದ ಇನ್ನೂ ಗಟ್ಟಿ. ಅಲ್ಲಿ ಆ ವ್ಯಕ್ತಿಗೆ ನಿಮ್ಮ ಒಪ್ಪಿಗೆಯೇ ಇರಲಿಲ್ಲ.

ಮುಸ್ಲಿಂ ನಿಕಾಹ್ ಒಪ್ಪಂದದ ಸ್ವರೂಪದ್ದು. ಒಪ್ಪಿಗೆಯನ್ನು ಮೋಸದಿಂದ ಪಡೆದಿದ್ದರೆ ಮದುವೆಯ ಸಿಂಧುತ್ವದ ಬಗ್ಗೆ ಕೌಟುಂಬಿಕ ನ್ಯಾಯಾಲಯದಲ್ಲಿ ಘೋಷಣೆ ಕೇಳುವ ದಾವೆ ಹಾಕಬಹುದು. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆಯ ಸೆಕ್ಷನ್ 18, 19.

ಗೊತ್ತಾದ ದಿನವೇ ಮಾಡಬೇಕಾದ ಎರಡು ಕೆಲಸ

ಮೊದಲನೆಯದು, ತಾರೀಖು ಗುರುತು ಹಾಕಿಕೊಳ್ಳಿ. ಯಾವ ದಿನ, ಯಾರಿಂದ, ಯಾವ ಕಾಗದ ಅಥವಾ ಮೆಸೇಜಿನಿಂದ ಗೊತ್ತಾಯಿತು ಎಂದು ಬರೆದು, ಅದನ್ನು ನಂಬಿಕಸ್ಥ ಒಬ್ಬರಿಗೆ ವಾಟ್ಸ್‌ಆ್ಯಪ್ ಅಥವಾ ಇಮೇಲ್ ಮಾಡಿ. ಹೀಗೆ ಕಳಿಸಿದ್ದಕ್ಕೆ ತಾರೀಖಿನ ಮುದ್ರೆ ತಾನಾಗಿ ಬೀಳುತ್ತದೆ. ಎದುರು ಪಕ್ಷದ ಮೊದಲ ವಾದ ‘ಇವರಿಗೆ ಇದೆಲ್ಲ ಮದುವೆಗೆ ಮೊದಲೇ ಗೊತ್ತಿತ್ತು’ ಎಂದೇ ಇರುತ್ತದೆ. ಎರಡನೆಯದು ‘ಗೊತ್ತಾಗಿ ಎರಡು ವರ್ಷವಾಯಿತು’. ಎರಡಕ್ಕೂ ಉತ್ತರ ಈ ಒಂದು ತಾರೀಖಿನಲ್ಲಿದೆ.

ಎರಡನೆಯದು, ಅದೇ ದಿನದಿಂದ ಒಟ್ಟಿಗೆ ಇರುವುದನ್ನು ನಿಲ್ಲಿಸಿ. ವಂಚನೆ ಗೊತ್ತಾದ ಮೇಲೆ ಪೂರ್ಣ ಒಪ್ಪಿಗೆಯಿಂದ ಗಂಡ ಹೆಂಡತಿಯಾಗಿ ಬಾಳಿದ್ದರೆ, ಒಂದು ವರ್ಷದೊಳಗೆ ಬಂದರೂ ಕೋರ್ಟು ಅರ್ಜಿಯನ್ನು ಪುರಸ್ಕರಿಸುವಂತಿಲ್ಲ. ಸೆಕ್ಷನ್ 12(2) ಇದನ್ನು ಖಂಡಿತವಾಗಿ ಹೇಳುತ್ತದೆ. ‘ಆದದ್ದಾಯಿತು, ಇನ್ನೊಂದು ಆರು ತಿಂಗಳು ನೋಡೋಣ’ ಎಂದು ಹಿರಿಯರು ಸಮಾಧಾನ ಮಾಡಿ ಕಳಿಸುವುದು ಒಳ್ಳೆಯ ಮನಸ್ಸಿನಿಂದಲೇ ಇರಬಹುದು, ಆದರೆ ಕಾನೂನಿನ ಬಾಗಿಲು ಮುಚ್ಚುವುದು ಅಲ್ಲಿಯೇ. ಹೋಗಲು ಬೇರೆ ಜಾಗವಿಲ್ಲದೆ ಅದೇ ಮನೆಯಲ್ಲಿ ಉಳಿಯಬೇಕಾಗಿ ಬಂದರೆ ಬೇರೆ ಕೋಣೆಯಲ್ಲಿದ್ದೀರಿ, ಮದುವೆಯನ್ನು ಒಪ್ಪಿಲ್ಲ ಎಂಬುದನ್ನು ಬರಹದಲ್ಲಿ ತಿಳಿಸಿ. ಒಂದು ಮೆಸೇಜಾದರೂ ಸರಿ. ಬೆದರಿಕೆಯಿದ್ದರೆ 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಹೆದರಿಸಿ ಇಟ್ಟುಕೊಂಡದ್ದು ‘ಪೂರ್ಣ ಒಪ್ಪಿಗೆ’ ಅಲ್ಲ, ಆ ಕರೆಯ ದಾಖಲೆಯೂ ನಿಮ್ಮ ಸಾಕ್ಷ್ಯವಾಗುತ್ತದೆ.

ಸಾಕ್ಷ್ಯ ಜೋಡಿಸುವುದು

ಮೋಸ ಬಯಲಾಯಿತು ಎಂದು ತಿಳಿದ ಗಂಟೆಯೊಳಗೆ ಎದುರಿನವರು ಪ್ರೊಫೈಲ್ ಅಳಿಸುತ್ತಾರೆ. ಹಾಗಾಗಿ ಜಗಳಕ್ಕೆ ಮೊದಲು ಸಾಕ್ಷ್ಯ. ಮ್ಯಾಟ್ರಿಮೋನಿ ಪ್ರೊಫೈಲ್‌ನ ಪೂರ್ತಿ ಪುಟ, ಅದರ ಐಡಿ, ಲಿಂಕು, ಬಯೊಡೇಟಾ ಬಂದ ಮೆಸೇಜು, ನಿಶ್ಚಿತಾರ್ಥದ ಮಾತುಕತೆ, ಹಣ ಹೋದ ಬ್ಯಾಂಕ್ ಸ್ಟೇಟ್‌ಮೆಂಟು, ಲಗ್ನಪತ್ರಿಕೆ, ಫೋಟೊ, ಛತ್ರದ ರಸೀದಿ, ನೋಂದಣಿಗೆ ಕೊಟ್ಟ ಗುರುತಿನ ಚೀಟಿಗಳ ನಕಲು, ಇಷ್ಟನ್ನೂ ತೆಗೆದಿಡಿ. ಸುಳ್ಳು ಹೇಳಿದ ಕಾಗದ ಒಂದು ಕಡೆ, ನಿಜ ತೋರಿಸುವ ಕಾಗದ ಇನ್ನೊಂದು ಕಡೆ, ಎರಡನ್ನೂ ಎದುರುಬದುರು ಇಡುವಂತೆ ಫೈಲು ಮಾಡಿ. ನಿಜದ ಕಡೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಮತದಾರರ ಪಟ್ಟಿ, ಹಳೆಯ ಮದುವೆಯ ನೋಂದಣಿ ಪತ್ರ, ವಿಚ್ಛೇದನದ ಡಿಕ್ರಿ (ಕೋರ್ಟಿನ ತೀರ್ಪಿನ ಆದೇಶ) ಬರುತ್ತವೆ. ಇವು ನಿಮ್ಮ ಕೈಗೆ ಸಿಗದಿದ್ದರೆ ಕೋರ್ಟಿನ ಮೂಲಕ ಆ ಕಚೇರಿಗೆ ಸಮನ್ಸ್ ಕಳಿಸಿ ದಾಖಲೆ ತರಿಸಬಹುದು.

ಫೋನಿನಲ್ಲಿರುವುದು ಕೋರ್ಟಿನಲ್ಲಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಸೆಕ್ಷನ್ 63ರ ಪ್ರಮಾಣಪತ್ರ ಬೇಕು. ಅದಕ್ಕೆ ಎರಡು ಭಾಗ: ಎ ಭಾಗವನ್ನು ದಾಖಲೆ ಕೊಡುವವರು, ಬಿ ಭಾಗವನ್ನು ತಜ್ಞರು ಸಹಿ ಮಾಡಬೇಕು, ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲು ಬದಲಾಗಿಲ್ಲ ಎಂದು ತೋರಿಸುವ ಡಿಜಿಟಲ್ ಬೆರಳಚ್ಚು) ಬರೆಯಬೇಕು. ಬರೀ ಸ್ಕ್ರೀನ್‌ಶಾಟ್ ಪ್ರಿಂಟು ಹಚ್ಚಿ ಕೂತರೆ ಕೋರ್ಟು ಅದನ್ನು ಸಾಕ್ಷ್ಯವೆಂದು ಗುರುತು ಹಾಕುವ ಹಂತದಲ್ಲೇ ತಕರಾರು ಏಳುತ್ತದೆ. ಮೂಲ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ, ಚಾಟ್ ಅಳಿಸಬೇಡಿ. ಗಂಡ ಹೆಂಡಿರ ನಡುವಿನ ಮಾತನ್ನು ಗುಟ್ಟಾಗಿ ರೆಕಾರ್ಡ್ ಮಾಡಿದ್ದರೂ ವೈವಾಹಿಕ ವ್ಯಾಜ್ಯದಲ್ಲಿ ಅದನ್ನು ಸಾಕ್ಷ್ಯವಾಗಿ ತರಬಹುದು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಅರ್ಜಿ ಎಲ್ಲಿ, ಹೇಗೆ

ಮದುವೆ ನಡೆದ ಊರು, ಕೊನೆಗೆ ಒಟ್ಟಿಗೆ ಇದ್ದ ಊರು, ಎದುರುದಾರರು ಇರುವ ಊರು, ಈ ಮೂರರಲ್ಲಿ ಎಲ್ಲಿ ಬೇಕಾದರೂ ಅರ್ಜಿ ಹಾಕಬಹುದು. ಅರ್ಜಿ ಹಾಕುವವರು ಹೆಂಡತಿಯಾದರೆ ಆಕೆ ಈಗ ಇರುವ ಊರಿನಲ್ಲೂ ಆಗುತ್ತದೆ. ತವರಿಗೆ ಬಂದವರಿಗೆ ಇದು ದೊಡ್ಡ ಅನುಕೂಲ. ಕೌಟುಂಬಿಕ ನ್ಯಾಯಾಲಯ ಇಲ್ಲದ ತಾಲ್ಲೂಕಿನಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ. ವಕೀಲರ ಖರ್ಚು ಭರಿಸಲಾಗದ ಮಹಿಳೆಯರು ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲಿ. ಆದಾಯ ಎಷ್ಟೇ ಇದ್ದರೂ ಮಹಿಳೆಗೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಅರ್ಜಿಯಲ್ಲಿ ‘ನನಗೆ ಮೋಸವಾಗಿದೆ’ ಎಂದು ಬರೆದರೆ ಏನೂ ಬರೆಯದ ಹಾಗೆಯೇ. ವಂಚನೆ ಆರೋಪಿಸುವವರು ಅದರ ವಿವರ ಕೊಡಲೇಬೇಕು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 6, ನಿಯಮ 4 ಹೇಳುತ್ತದೆ. ಯಾರು, ಯಾವ ದಿನ, ಎಲ್ಲಿ, ಯಾವ ಮಾತು ಹೇಳಿದರು, ಯಾವ ಕಾಗದ ತೋರಿಸಿದರು, ಅದನ್ನು ನಂಬಿ ನೀವು ಏನು ಮಾಡಿದಿರಿ, ನಿಜ ಯಾವ ದಿನ ಹೇಗೆ ಹೊರಬಿತ್ತು, ಅಂದಿನಿಂದ ಬೇರೆಯಾಗಿದ್ದೀರಿ, ಇಷ್ಟೂ ಪ್ಯಾರಾ ಪ್ಯಾರಾ ಬರಬೇಕು.

ಇನ್ನೊಂದು ಸಂಗತಿ ಸಣ್ಣದಾಗಿ ಕಂಡರೂ ಇಡೀ ಕೇಸನ್ನೇ ಕೆಡಿಸಬಲ್ಲದು: ಎದುರುದಾರರ ಹೆಸರು. ನಿಜವಾದ ಹೆಸರನ್ನಷ್ಟೇ ಬರೆದರೆ ಡಿಕ್ರಿ ಒಂದು ಹೆಸರಿನಲ್ಲಿ, ಮದುವೆ ಪತ್ರ ಇನ್ನೊಂದು ಹೆಸರಿನಲ್ಲಿ ಉಳಿದು, ನಾಳೆ ಪಾಸ್‌ಪೋರ್ಟಿಗೋ ಮರುಮದುವೆಗೋ ಹೋದಾಗ ‘ಇದು ಬೇರೆಯವರ ಡಿಕ್ರಿ’ ಎನ್ನುತ್ತಾರೆ. ಸುಳ್ಳು ಹೆಸರನ್ನಷ್ಟೇ ಬರೆದರೆ ಸಮನ್ಸ್ ಯಾರಿಗೂ ಮುಟ್ಟುವುದಿಲ್ಲ. ಶೀರ್ಷಿಕೆ ಹೀಗಿರಲಿ:

‘ಎದುರುದಾರರು: (ನಿಜ ಹೆಸರು) ಉರುಫ್ (ಮದುವೆಯಲ್ಲಿ ಹೇಳಿದ ಹೆಸರು), ತಂದೆ (ನಿಜ ಹೆಸರು), ಇಂಥ ದಿನಾಂಕದ ಇಂಥ ಸಂಖ್ಯೆಯ ವಿವಾಹ ನೋಂದಣಿ ಪತ್ರದಲ್ಲಿ (ಸುಳ್ಳು ಹೆಸರು) ಎಂದು ನಮೂದಾಗಿರುವವರು, ಗೊತ್ತಿರುವ ಎಲ್ಲ ವಿಳಾಸಗಳು.’

ನಿಜ ಹೆಸರು ಇನ್ನೂ ಗೊತ್ತಿಲ್ಲದಿದ್ದರೆ ಫೋಟೊ, ಫೋನ್ ನಂಬರು, ಬ್ಯಾಂಕ್ ಖಾತೆ, ವಾಹನದ ನಂಬರು ಕೊಟ್ಟು ಗುರುತು ಹಿಡಿಸಿ. ನಿಜ ಹೊರಬಂದ ಮೇಲೆ ಅರ್ಜಿ ತಿದ್ದುಪಡಿಗೆ ಕೇಳಬಹುದು. ವಿಳಾಸವೂ ಸುಳ್ಳಾಗಿ ಸಮನ್ಸ್ ವಾಪಸ್ ಬರುತ್ತಿದ್ದರೆ ಆದೇಶ 5, ನಿಯಮ 20ರ ಅಡಿ ಪತ್ರಿಕಾ ಪ್ರಕಟಣೆಗೆ ಅರ್ಜಿ ಹಾಕಿಸಿ. ಆಮೇಲೂ ಬಾರದಿದ್ದರೆ ಏಕಪಕ್ಷೀಯವಾಗಿ ಕೇಸು ನಡೆಯುತ್ತದೆ, ಆದರೂ ಸಾಬೀತು ಮಾಡುವ ಹೊಣೆ ನಿಮ್ಮದೇ.

ಕೋರ್ಟು ಮೊದಲು ಮಧ್ಯಸ್ಥಿಕೆಗೆ ಕಳಿಸಬಹುದು. ಹೋಗಿ, ಮರ್ಯಾದೆಯಿಂದ ಮಾತಾಡಿ. ‘ಕೆಲವು ದಿನ ಒಟ್ಟಿಗೆ ಇದ್ದು ನೋಡಿ’ ಎಂಬ ಸಲಹೆ ಬಂದರೆ ಮಾತ್ರ ವಕೀಲರನ್ನು ಕೇಳದೆ ಸಹಿ ಹಾಕಬೇಡಿ. ವಿಚಾರಣೆಯನ್ನು ಮುಚ್ಚಿದ ಬಾಗಿಲಲ್ಲಿ ನಡೆಸುವುದು ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 22ರ ನಿಯಮ. ಹೆಸರು ಪೇಪರಿನಲ್ಲಿ ಬರುತ್ತದೆಂಬ ಭಯ ಬೇಡ.

ಗೆದ್ದ ಕೂಡಲೇ ಮರುಮದುವೆಗೆ ದಿನ ನೋಡಬೇಡಿ. ಹಿಂದೂ ವಿವಾಹ ಕಾಯ್ದೆಯಲ್ಲಿ ಮೇಲ್ಮನವಿಗೆ 90 ದಿನವಿದೆ. ಅದು ಕಳೆಯಲಿ, ಡಿಕ್ರಿಯ ದೃಢೀಕೃತ ನಕಲು ಕೈಗೆ ಬರಲಿ. ಡಿಕ್ರಿಗೆ ಮೊದಲೇ ಮದುವೆಯಾದರೆ ದ್ವಿಪತ್ನಿತ್ವದ ಆರೋಪ ಮೋಸಹೋದವರ ಮೇಲೆಯೇ ಬೀಳುತ್ತದೆ. ಮದುವೆ ಶೂನ್ಯವೇ ಆಗಿದ್ದರೂ, ಕಾನೂನಿನ ಪ್ರಕಾರ ಡಿಕ್ರಿ ಬೇಕಿಲ್ಲದಿದ್ದರೂ, ಸೆಕ್ಷನ್ 11ರ ಘೋಷಣೆ ಪಡೆದು ಮುಂದೆ ಹೋಗುವುದೇ ಕ್ಷೇಮ.

ಒಂದು ವರ್ಷ ದಾಟಿಹೋಗಿದ್ದರೆ ವಂಚನೆಯ ದಾರಿ ಮುಚ್ಚಿತು, ನ್ಯಾಯದ ದಾರಿ ಮುಚ್ಚಿಲ್ಲ. ಅದೇ ಸಂಗತಿಗಳನ್ನು ಕ್ರೌರ್ಯವೆಂದು ಹೇಳಿ ಸೆಕ್ಷನ್ 13ರ ಅಡಿ ವಿಚ್ಛೇದನ ಕೇಳಬಹುದು, ಎದುರಿನವರು ಒಪ್ಪಿದರೆ 13ಬಿ ಅಡಿ ಪರಸ್ಪರ ಒಪ್ಪಿಗೆಯದು.

ಪೊಲೀಸ್ ದೂರು ಬೇರೆಯೇ ದಾರಿ

ಮದುವೆ ರದ್ದು ಮಾಡುವ ಅಧಿಕಾರ ಪೊಲೀಸರಿಗಿಲ್ಲ. ಶಿಕ್ಷೆ ಕೊಡುವ ಕೆಲಸ ಕೌಟುಂಬಿಕ ನ್ಯಾಯಾಲಯದ್ದಲ್ಲ. ಎರಡನ್ನೂ ಒಟ್ಟಿಗೆ ನಡೆಸಬಹುದು. 2024ರ ಜುಲೈ 1ರಿಂದ ಈಚಿನ ಕೃತ್ಯಕ್ಕೆ ಭಾರತೀಯ ನ್ಯಾಯ ಸಂಹಿತೆ, ಅದಕ್ಕೂ ಹಿಂದಿನದಕ್ಕೆ ಹಳೆಯ ದಂಡ ಸಂಹಿತೆ. ಹೊಸ ಸಂಹಿತೆಯ ಸೆಕ್ಷನ್ 69, ಗುರುತು ಮುಚ್ಚಿಟ್ಟು ಮದುವೆಯಾಗಿ ಮಹಿಳೆಯೊಂದಿಗೆ ಲೈಂಗಿಕ ಸಂಪರ್ಕ ಮಾಡುವುದನ್ನು ಹೆಸರಿಟ್ಟೇ ಅಪರಾಧ ಮಾಡಿದೆ. 10 ವರ್ಷದವರೆಗೆ ಜೈಲು, ದಂಡ. ಬೇರೊಬ್ಬರ ಸೋಗು ಹಾಕಿ ವಂಚಿಸಿದ್ದಕ್ಕೆ ಸೆಕ್ಷನ್ 319, 5 ವರ್ಷದವರೆಗೆ. ಹಣ, ಒಡವೆ ಹೋಗಿದ್ದರೆ 318(4), 7 ವರ್ಷದವರೆಗೆ. ಸುಳ್ಳು ಆಧಾರ್, ಸುಳ್ಳು ಅಂಕಪಟ್ಟಿ ಇದ್ದರೆ ಖೊಟ್ಟಿ ದಾಖಲೆಯ ಸೆಕ್ಷನ್ನುಗಳನ್ನೂ ಸೇರಿಸಲು ಹೇಳಿ. ಮೊದಲ ಮದುವೆ ಮುಚ್ಚಿಟ್ಟು ಇನ್ನೊಂದಾದರೆ 82(2), 10 ವರ್ಷದವರೆಗೆ. ಇದಕ್ಕೆ ನೊಂದವರು ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ಮೊದಲ ಹೆಂಡತಿಗಷ್ಟೇ ಈ ಹಕ್ಕು ಎಂದು ಠಾಣೆಯಲ್ಲಿ ಹೇಳುವುದುಂಟು. ತಪ್ಪು: ಮೋಸಹೋದ ಎರಡನೆಯವಳೂ ದೂರು ಕೊಡಬಹುದು ಎಂದು 2011ರಲ್ಲಿ ಎ. ಸುಭಾಷ್ ಬಾಬು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಠಾಣೆಯ ಸರಹದ್ದು ನಮ್ಮದಲ್ಲ ಎಂದರೆ ಝೀರೊ ಎಫ್‌ಐಆರ್ (ಸರಹದ್ದು ನೋಡದೆ ಯಾವ ಠಾಣೆಯಲ್ಲಾದರೂ ದಾಖಲಿಸುವ ದೂರು) ಕೇಳಿ. ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಆಮೇಲೆ ಮ್ಯಾಜಿಸ್ಟ್ರೇಟರ ಬಳಿ ಹೋಗಿ.

ಹೆಣ್ಣು ಸಿಗದೆ ದಲ್ಲಾಳಿಗೆ ಲಕ್ಷಗಟ್ಟಲೆ ಕೊಟ್ಟು ದೂರದೂರಿನ ಹುಡುಗಿಯನ್ನು ತಂದು, ವಾರದೊಳಗೆ ಆಕೆ ಒಡವೆ ಸಮೇತ ಕಾಣೆಯಾದಾಗ ನಾಚಿಕೆಯಿಂದ ಸುಮ್ಮನಾಗುವ ರೈತ ಕುಟುಂಬಗಳು ನಮ್ಮಲ್ಲಿವೆ. ಗಂಡಸರಿಗೆ ಸೆಕ್ಷನ್ 69 ಸಿಗದು. ವಂಚನೆ, ಸೋಗು, ಖೊಟ್ಟಿ ದಾಖಲೆಯ ಸೆಕ್ಷನ್ನುಗಳೆಲ್ಲ ಸಿಗುತ್ತವೆ, ದಲ್ಲಾಳಿಯ ಮೇಲೂ ಹಾಕಬಹುದು. ಹಣ ಆನ್‌ಲೈನಿನಲ್ಲಿ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮಕ್ಕಳು, ಜೀವನಾಂಶ

ಮದುವೆ ಬಿದ್ದರೆ ಮಗುವಿನ ಗತಿಯೇನು ಎಂಬ ಹೆದರಿಕೆಯಿಂದಲೇ ಅನೇಕರು ಕೋರ್ಟಿಗೆ ಬರುವುದಿಲ್ಲ. ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 16ರ ಪ್ರಕಾರ ಶೂನ್ಯ ಮದುವೆಯ ಮಗುವೂ, ರದ್ದಾದ ಮದುವೆಯ ಮಗುವೂ ನ್ಯಾಯಸಮ್ಮತ ಸಂತಾನವೇ. ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ, 2023ರ ಸೆಪ್ಟೆಂಬರ್ 1ರಂದು, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆಯ ಪಾಲಿಗೆ ಬರುವುದರಲ್ಲಿ ಇಂಥ ಮಗುವಿಗೂ ಹಕ್ಕಿದೆ ಎಂದು ಸುಪ್ರೀಂ ಕೋರ್ಟು ಹೇಳಿತು. ಹೆಂಡತಿಯ ಜೀವನಾಂಶಕ್ಕೂ ದಾರಿಯಿದೆ. ಮೊದಲ ಮದುವೆ ಮುಚ್ಚಿಟ್ಟು ಮದುವೆಯಾದವನು ‘ಇವಳು ಕಾನೂನುಬದ್ಧ ಹೆಂಡತಿಯೇ ಅಲ್ಲ’ ಎಂದು ವಾದಿಸಿ ತಪ್ಪಿಸಿಕೊಳ್ಳುವಂತಿಲ್ಲ ಎಂಬುದು 2013ರ ಬಾದಶಾಹ್ ಪ್ರಕರಣದ ತೀರ್ಪು. ಶೂನ್ಯವೆಂದು ಘೋಷಣೆಯಾದ ಮದುವೆಯಲ್ಲೂ ಅದೇ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 25ರ ಶಾಶ್ವತ ಜೀವನಾಂಶ ಕೇಳಬಹುದು ಎಂದು 2025ರ ಫೆಬ್ರುವರಿಯಲ್ಲಿ ಅದೇ ಕೋರ್ಟು ಸ್ಪಷ್ಟಪಡಿಸಿದೆ.

ತಾಳಿಗೆ ಮೊದಲು ನೋಡಬಹುದಾದದ್ದು

ಆಧಾರ್ ಕಾರ್ಡಿನ ಜೆರಾಕ್ಸ್ ನೋಡಿ ನಂಬಬೇಡಿ. ಕಾರ್ಡಿನ ಕ್ಯೂಆರ್ ಕೋಡನ್ನು ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಡಿಜಿಟಲ್ ಸಹಿಯಿರುವ ಹೆಸರು ಬರುತ್ತದೆ. ಮೇಲೆ ಅಚ್ಚಾದ ಹೆಸರಿಗೆ ಅದು ಹೊಂದಬೇಕು. ಸಂಖ್ಯೆ ಹಾಕಿ ಪರಿಶೀಲಿಸಿದರೆ ವಯಸ್ಸಿನ ಶ್ರೇಣಿ, ಲಿಂಗ, ರಾಜ್ಯ, ಮೊಬೈಲಿನ ಕೊನೆಯ ಮೂರು ಅಂಕಿ ಕಾಣುತ್ತವೆ. ಇ-ಕೋರ್ಟ್ಸ್ ತಾಣದಲ್ಲಿ ಜಿಲ್ಲೆ, ವರ್ಷ, ಹೆಸರು ಕೊಟ್ಟು ಹುಡುಕಿದರೆ ಹಳೆಯ ವೈವಾಹಿಕ ಕೇಸು ಸಿಗುವುದುಂಟು. ಹೆಸರಿನ ಕಾಗುಣಿತ ಬದಲಿಸಿ ಬದಲಿಸಿ ಹುಡುಕಬೇಕು. ‘ವಿಚ್ಛೇದನ ಆಗಿದೆ’ ಎಂದವರಿಂದ ಡಿಕ್ರಿಯ ದೃಢೀಕೃತ ನಕಲನ್ನೇ ಕೇಳಿ, ನೋಟರಿ ಮಾಡಿಸಿದ ಬಾಂಡ್ ಪೇಪರು ವಿಚ್ಛೇದನವಲ್ಲ. ಹುಡುಗ ವಿದೇಶದಲ್ಲಿದ್ದರೆ ಪಾಸ್‌ಪೋರ್ಟಿನ ಹೆಸರು, ವೀಸಾದ ಬಗೆ, ಅಲ್ಲಿನ ವೈವಾಹಿಕ ಸ್ಥಿತಿಯ ದಾಖಲೆ ನೋಡಿ. ಇವೆಲ್ಲಕ್ಕೂ ಮಿಗಿಲಾಗಿ ಹೇಳಿದ ಊರಿಗೆ ಹೇಳದೆ ಹೋಗಿ ಬನ್ನಿ: ಓದಿದ ಶಾಲೆ, ನ್ಯಾಯಬೆಲೆ ಅಂಗಡಿ, ಪಕ್ಕದ ಮನೆ.

ನೋಂದಣಿ ಆಗಿದೆ, ಹಾಗಾಗಿ ಎಲ್ಲ ಸರಿ ಎಂದುಕೊಳ್ಳುವುದು ಇನ್ನೊಂದು ತಪ್ಪು ತಿಳಿವಳಿಕೆ. ಉಪನೋಂದಣಾಧಿಕಾರಿ ಕಚೇರಿ ಕಾಗದ ನೋಡಿ ನೋಂದಾಯಿಸುತ್ತದೆ, ವ್ಯಕ್ತಿಯ ಪೂರ್ವಾಪರ ತನಿಖೆ ಮಾಡುವುದಿಲ್ಲ. ಶಾಸ್ತ್ರವೇ ನಡೆಯದೆ ಬರೀ ಪತ್ರ ಮಾಡಿಸಿಕೊಂಡರೆ ಅದು ಹಿಂದೂ ಮದುವೆಯೇ ಅಲ್ಲ ಎಂದು 2024ರ ಏಪ್ರಿಲ್‌ನಲ್ಲಿ ಡಾಲಿ ರಾಣಿ ಪ್ರಕರಣದಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಹೇಳಿದೆ. ಇದಕ್ಕೆ ಹೋಲಿಸಿದರೆ ವಿಶೇಷ ವಿವಾಹ ಕಾಯ್ದೆಯ ಮದುವೆಯಲ್ಲಿ 30 ದಿನದ ನೋಟಿಸು, ಮೂವರು ಸಾಕ್ಷಿಗಳು, ಸಹಿ ಮಾಡಿದ ಘೋಷಣೆ ಇರುತ್ತವೆ. ಆ ಘೋಷಣೆಯಲ್ಲಿ ಸುಳ್ಳು ಬರೆದರೆ ಸೆಕ್ಷನ್ 45ರ ಅಡಿ ಅದೇ ಒಂದು ಅಪರಾಧ.

ಮೋಸದ ಉದ್ದೇಶವಿಲ್ಲದೆ ಹೆಸರು ಬೇರೆಯಾದವರೂ ಇದ್ದಾರೆ: ಮನೆಯಲ್ಲಿ ಕರೆಯುವ ಹೆಸರು ಪತ್ರಿಕೆಯಲ್ಲಿ ಬಿದ್ದವರು, ಗೆಜೆಟ್ ಮೂಲಕ ಹೆಸರು ಬದಲಿಸಿಕೊಂಡವರು. ಎದುರಿನವರಿಗೆ ವಿಷಯ ಗೊತ್ತಿದ್ದರೆ ಇವರ ಮದುವೆಗೆ ಯಾವ ಕುಂದೂ ಇಲ್ಲ. ನೋಂದಣಿಗೆ ಮೊದಲೇ ಅಫಿಡವಿಟ್, ಗೆಜೆಟ್ ಪ್ರತಿ ಲಗತ್ತಿಸಿ ಎರಡೂ ಹೆಸರು ಬರೆಸಿಕೊಳ್ಳಿ. ಪತ್ರ ಕೈಗೆ ಬಂದ ಮೇಲೆ ಹೆಸರು ತಿದ್ದಿಸಲು ಹೊರಟರೆ ಕೋರ್ಟಿನ ಆದೇಶ ತನ್ನಿ ಎನ್ನುವ ಕಚೇರಿಗಳೇ ಹೆಚ್ಚು.